ಏನು ಬಡಿಸಿದ್ರೂ "ಚೆನ್ನಾಗಿದೆ" ಅಂತಾರೆ, ಹೀಗಾದ್ರೆ ನಾನು ಅಡುಗೆ ಕಲಿಯೋದು ಹೇಗೆ?

ಹೊಸ_ಒಲೆ

ಮದುವೆಯಾದ ಮೇಲೆ ನಾವಿಬ್ಬರೇ ಬೇರೆ ಮನೆ ಮಾಡಿದ್ದೀವಿ. ಇಬ್ಬರೂ ಕೆಲಸಕ್ಕೆ ಹೋಗೋರು, ಇಬ್ಬರಿಗೂ ಒಲೆ ಮುಂದೆ ನಿಂತು ಅಭ್ಯಾಸ ಇಲ್ಲ. ಪಾತ್ರೆ ತೊಳೆಯೋದು, ಸಾಮಾನು ತರೋದು ಅವರದು, ಅಡುಗೆ ನನ್ನದು ಅಂತ ಮಾತಾಡ್ಕೊಂಡಿದ್ದೀವಿ. ಯಾರ ಬಲವಂತವೂ ಇಲ್ಲ, ಕಲೀಬೇಕು ಅನ್ನೋ ಆಸೆ ನನಗೇ ಇದೆ.

ಎರಡು ಕಡೆ ಸಿಕ್ಕಿಹಾಕ್ಕೊಂಡಿದ್ದೀನಿ.

ಒಂದು, ಅಳತೆ. ನನಗೆ ಗೊತ್ತಿರೋದೆಲ್ಲ ಅಮ್ಮ ಫೋನಲ್ಲಿ ಹೇಳಿಕೊಟ್ಟಿದ್ದು. ಅಮ್ಮ ಮಾಡೋದು ಆರು ಜನಕ್ಕೆ. ನಾನು ಎಲ್ಲಾನೂ ಮೂರರಿಂದ ಭಾಗಿಸ್ತೀನಿ. ಅಕ್ಕಿ, ನೀರು, ಬೇಳೆ, ಖಾರದ ಪುಡಿ, ಎಲ್ಲ. ಲೆಕ್ಕ ಸರಿಯಾಗೇ ಇದೆ, ಅನ್ನ ಮಾತ್ರ ಗಟ್ಟಿ, ತಳ ಬೇರೆ ಹಿಡಿಯುತ್ತೆ.

ಎರಡನೇದೇ ನನಗೆ ದೊಡ್ಡ ಚಿಂತೆ. ನನ್ನ ಗಂಡ ಏನು ಬಡಿಸಿದ್ರೂ "ಚೆನ್ನಾಗಿದೆ" ಅಂತಾರೆ. ಬೇಳೆ ಬೇಯದೆ ಹಲ್ಲಿಗೆ ಸಿಕ್ಕಿದ ದಿನವೂ ಅದೇ ಮಾತು, ಎಲ್ಲ ಹದವಾಗಿ ಬಂತು ಅಂತ ನನಗನಿಸಿದ ದಿನವೂ ಅದೇ ಮಾತು. ಆದ್ರೆ ಕೆಲವು ದಿನ ಎರಡನೇ ಸಲ ಬಡಿಸ್ಕೊಳ್ಳಲ್ಲ, ಅದು ನನ್ನ ಕಣ್ಣಿಗೆ ಬೀಳುತ್ತೆ. ನನ್ನ ಮನಸ್ಸು ನೋಯಬಾರದು ಅಂತ ಹಾಗೆ ಹೇಳ್ತಾರೆ, ಅದೂ ಗೊತ್ತು. ರುಚಿ ನೋಡೋರು ಇರೋದೇ ಒಬ್ಬರು, ಅವರೂ ನಿಜ ಹೇಳದಿದ್ರೆ ಏನು ಮಾಡ್ಲಿ? ನಿಮ್ಮ ಮನೆಗಳಲ್ಲಿ ಹೇಗೆ ನಿಭಾಯಿಸಿದ್ರಿ?

ಗಡಿಬಿಡಿ

ತಿಂದು ಚೆನ್ನಾಗಿದೆ ಅನ್ನೋರು ಸಿಕ್ಕಿದ್ದಾರೆ, ಖುಷಿಯಾಗಿರಿ ಅಕ್ಕ. ತಟ್ಟೆ ಮುಂದೆ ಕೂತು ಮುಖ ಸಿಂಡರಿಸೋರ ಜೊತೆ ಏಗೋದು ಎಷ್ಟು ಕಷ್ಟ ಅಂತ ಹತ್ತಿರದಿಂದ ನೋಡಿದ್ದೀನಿ.

ಹಳೇಕೈ

ಗಡಿಬಿಡಿ, ಮುಖ ಸಿಂಡರಿಸೋದು ಬೇರೆ, ಏನು ಕಮ್ಮಿ ಅಂತ ಹೇಳೋದು ಬೇರೆ. ಈ ಹುಡುಗಿ ಕೇಳ್ತಿರೋದು ಎರಡನೇದು.

ಹೊಸ_ಒಲೆ, "ಹೇಗಿದೆ?" ಅಂತ ಕೇಳೋದನ್ನ ಮೊದಲು ಬಿಡಮ್ಮ. ಹಾಗೆ ಕೇಳಿದ್ರೆ ಅದು ಪ್ರೀತಿಯ ಪ್ರಶ್ನೆ ಆಗುತ್ತೆ, ಉತ್ತರವೂ ಪ್ರೀತಿಯಿಂದಲೇ ಬರುತ್ತೆ. "ಉಪ್ಪು ಇನ್ನೊಂದು ಚಿಟಿಕೆ ಹಾಕ್ಲಾ, ಇಷ್ಟೇ ಸಾಕಾ?" ಅಂತ ಕೇಳು. "ಹುಳಿ ಮುಂದಾಯ್ತಾ, ಖಾರ ಮುಂದಾಯ್ತಾ?" ಅಂತ ಕೇಳು. ಎರಡರಲ್ಲಿ ಒಂದನ್ನ ಆರಿಸೋ ಪ್ರಶ್ನೆಗೆ "ಚೆನ್ನಾಗಿದೆ" ಅನ್ನೋಕೆ ಆಗಲ್ಲ.

ಇನ್ನೊಂದು, ತಟ್ಟೆಗೆ ಬಡಿಸಿದ ಮೇಲೆ ಕೇಳಬೇಡ. ಒಲೆ ಮೇಲೆ ಇರುವಾಗಲೇ ಕರೆದು ಅಂಗೈಗೆ ಒಂದು ಹನಿ ಹಾಕು. ಆಗ ಹೇಳಿದ್ದು ದೂರು ಅನ್ನಿಸಲ್ಲ, ಸರಿ ಮಾಡೋಕೂ ಟೈಮ್ ಇರುತ್ತೆ.

ಸೌಟು_ಹಿಡಿದವ

ಹಳೇಕೈ ಅವರ ಮಾತು ಒಪ್ತೀನಿ, ಆದ್ರೆ ಪೂರ್ತಿ ಅಲ್ಲ. ನಿಮ್ಮೆಜಮಾನ್ರು ಸುಳ್ಳು ಹೇಳ್ತಿದ್ದಾರೆ ಅಂತ ಯಾಕೆ ತಿಳ್ಕೋತೀರಿ? ಅವರಿಗೆ ನಿಜವಾಗ್ಲೂ ಗೊತ್ತಾಗ್ತಿಲ್ಲದೇ ಇರಬಹುದು. "ಏನೋ ಕಮ್ಮಿ ಇದೆ" ಅನ್ನೋದು ಎಲ್ಲರ ನಾಲಿಗೆಗೂ ತಿಳಿಯುತ್ತೆ. ಅದು ಉಪ್ಪೋ, ಹುಳಿಯೋ, ಪುಡಿ ಹಸಿ ಉಳಿದಿದ್ದೋ ಅಂತ ಗುರುತಿಸೋಕೆ ಒಲೆ ಮುಂದೆ ನಿಂತಿರಬೇಕು.

ನಾವು ಗಂಡ ಹೆಂಡತಿ ಒಟ್ಟಿಗೆ ಕಲಿತವರು. ನಮಗೆ ಬಹಳ ಸಹಾಯ ಆಗಿದ್ದು ಇದು: ಬರೀ ಬೇಳೆ ಬೇಯಿಸಿ ನಾಲ್ಕು ಬಟ್ಟಲಿಗೆ ಹಾಕಿ. ಒಂದಕ್ಕೆ ಏನೂ ಬೇಡ, ಒಂದಕ್ಕೆ ಉಪ್ಪು, ಒಂದಕ್ಕೆ ಉಪ್ಪಿನ ಜೊತೆ ನಾಲ್ಕು ಹನಿ ನಿಂಬೆರಸ, ಇನ್ನೊಂದಕ್ಕೆ ಉಪ್ಪು, ನಿಂಬೆ, ಮೇಲೆ ಒಂದು ಚಮಚ ಬಿಸಿ ಒಗ್ಗರಣೆ. ಇಬ್ಬರೂ ಸಾಲಾಗಿ ರುಚಿ ನೋಡಿ. ಹುಳಿ ಇಲ್ಲದ್ದಕ್ಕೆ ಉಪ್ಪು ಸುರಿಯೋ ಅಭ್ಯಾಸ ಅಲ್ಲಿಗೇ ನಿಂತುಹೋಗುತ್ತೆ. ಒಂದು ಸಂಜೆಯ ಕೆಲಸ, ಆಮೇಲೆ ನಾಲ್ಕನ್ನೂ ಸೇರಿಸಿ ಊಟ ಮಾಡಬಹುದು.

ಮತ್ತೆ ಅವರನ್ನ ಪಾತ್ರೆ ತೊಳೆಯೋಕೆ ಮಾತ್ರ ಯಾಕೆ ಬಿಟ್ಟಿದ್ದೀರಿ? ಅವರೂ ಕಲೀಲಿ.

ಮೂರನೇಸೀಟಿ

ಎಲ್ಲರೂ ಗಂಡನ ಹಿಂದೆ ಬಿದ್ರಿ, ಅನ್ನದ ಬಗ್ಗೆ ಯಾರೂ ಹೇಳ್ಲಿಲ್ಲ. ನಾನು ಹೇಳ್ತೀನಿ.

ನೀರನ್ನ ಮೂರರಿಂದ ಭಾಗಿಸಿದ್ದೇ ತೊಂದರೆ. ಪಾತ್ರೆಗೆ ಹಾಕಿದ ನೀರು ಎರಡು ಕಡೆ ಹೋಗುತ್ತೆ. ಒಂದಷ್ಟನ್ನ ಅಕ್ಕಿ ಕುಡಿಯುತ್ತೆ, ಒಂದಷ್ಟು ಆವಿಯಾಗುತ್ತೆ. ಅಕ್ಕಿ ಕುಡಿಯೋದು ಅಕ್ಕಿ ಎಷ್ಟಿದೆ ಅನ್ನೋದರ ಮೇಲೆ. ಆವಿಯಾಗೋದು ಪಾತ್ರೆ ಬಾಯಿ ಎಷ್ಟು ಅಗಲ, ಮುಚ್ಚಳ ಎಷ್ಟು ಬಿಗಿ, ಎಷ್ಟು ಹೊತ್ತು ಕುದಿಯಿತು ಅನ್ನೋದರ ಮೇಲೆ. ಅಕ್ಕಿ ಕಮ್ಮಿ ಹಾಕಿದ್ರಿ ಅಂತ ಆವಿ ಕಮ್ಮಿ ಆಗಲ್ಲ.

ಲೆಕ್ಕ ಹಾಕಿ ನೋಡಿ. ಅಮ್ಮ 3 ಲೋಟ ಅಕ್ಕಿಗೆ 7 ಲೋಟ ನೀರು ಇಡ್ತಾರೆ ಅಂದ್ಕೊಳ್ಳಿ. ಅದರಲ್ಲಿ 1 ಲೋಟ ಆವಿಯಾದ್ರೆ ಅಕ್ಕಿ ಕುಡಿದದ್ದು 6, ಅಂದ್ರೆ ಲೋಟಕ್ಕೆ 2. ನೀವು ಅದೇ ಪಾತ್ರೇಲಿ 1 ಲೋಟ ಅಕ್ಕಿ ಇಟ್ರೆ ಅಕ್ಕಿಗೆ 2, ಆವಿಗೆ 1, ಒಟ್ಟು 3 ಲೋಟ ಬೇಕು. ಭಾಗಿಸಿದ್ರೆ ಎರಡೂಕಾಲು ಚಿಲ್ಲರೆ ಬರುತ್ತೆ. ಮುಕ್ಕಾಲು ಲೋಟದಷ್ಟು ಕೊರತೆ, ಅದಕ್ಕೇ ಗಟ್ಟಿ, ಅದಕ್ಕೇ ತಳ ಹಿಡಿಯೋದು. ಸಣ್ಣ ಪಾತ್ರೆ, ಬಿಗಿಯಾದ ಮುಚ್ಚಳ, ಸಣ್ಣ ಉರಿ ಮಾಡ್ಕೊಂಡ್ರೆ ಕೊರತೆಯೂ ಕಮ್ಮಿ ಆಗುತ್ತೆ.

ಹೊಸ_ಒಲೆ

ಮೂರನೇಸೀಟಿ ಅವರೇ, ಇದು ನನ್ನ ತಲೆಗೇ ಹೊಳೆದಿರಲಿಲ್ಲ! ಅಮ್ಮನ್ನ ಕೇಳಿದ್ರೆ "ಬೆರಳು ಅದ್ದಿ ನೋಡು" ಅಂತಾರೆ ಅಷ್ಟೇ. ಕುಕ್ಕರಲ್ಲಿ ಇಟ್ರೂ ಹೀಗೇನಾ?

ಪ್ರಯೋಗಶಾಲೆ

ಕುಕ್ಕರಿನೊಳಗೆ ಬೇರೆ ಪಾತ್ರೇಲಿ ಅಕ್ಕಿ ಇಟ್ರೆ ಆ ಪಾತ್ರೆಯಿಂದ ಆವಿ ಹೋಗೋದು ಬಹಳ ಕಮ್ಮಿ. ಅಲ್ಲಿ ಭಾಗಿಸಿದ್ರೂ ಹೆಚ್ಚುಕಮ್ಮಿ ಸರಿಹೋಗುತ್ತೆ. ಆದ್ರೆ ಕುಕ್ಕರ್ ತಳಕ್ಕೆ ಹಾಕೋ ನೀರನ್ನ ಮಾತ್ರ ಯಾವತ್ತೂ ಭಾಗಿಸಬೇಡಿ. ಸೀಟಿ ಹೊಡೆದಾಗ ಹೊರಗೆ ಹೋಗೋದು ಮುಖ್ಯವಾಗಿ ಆ ನೀರೇ. ಒಬ್ಬರಿಗೆ ಮಾಡಿದ್ರೂ ಆರು ಜನಕ್ಕೆ ಮಾಡಿದ್ರೂ ಅದು ಅಷ್ಟೇ ಇರಬೇಕು. ತಳದ ನೀರು ಬತ್ತಿ ಕುಕ್ಕರ್ ಒಣಗಿ ಕಾದ್ರೆ ಅಪಾಯ.

ಸೀಟಿ ಎಣಿಸಿ ಅಡುಗೆ ಮಾಡೋದೂ ಅಷ್ಟು ಸರಿ ಅಲ್ಲ. ಉರಿ ಜೋರಾಗಿದ್ರೆ ಸೀಟಿ ಬೇಗ ಬೇಗ ಬರುತ್ತೆ, ಒಳಗಿನ ಬೇಳೆಗೆ ಸಿಕ್ಕಿದ ಹೊತ್ತು ಕಮ್ಮಿ. ಒತ್ತಡ ಪೂರ್ತಿ ಏರಿದ ಕುಕ್ಕರ್ ಒಳಗೆ ಬಿಸಿ ಸುಮಾರು 120 ಡಿಗ್ರಿ ಸೆಲ್ಸಿಯಸ್ ಇರುತ್ತೆ. ತೆರೆದ ಪಾತ್ರೇಲಿ ಎಷ್ಟೇ ಉರಿ ಕೊಟ್ರೂ ನೀರು 100 ದಾಟಲ್ಲ, 1500 ಮೀಟರ್ ಎತ್ತರದ ಊರಲ್ಲಾದ್ರೆ ಸುಮಾರು 95ಕ್ಕೇ ಕುದಿಯುತ್ತೆ. ಆ 20 ಡಿಗ್ರಿಯಿಂದಲೇ ಬೇಳೆ ಬೇಗ ಬೇಯೋದು. ಮೊದಲ ಸೀಟಿ ಬಂದ ಮೇಲೆ ಉರಿ ಇಳಿಸಿ ಗಡಿಯಾರ ನೋಡಿ. ನಿಮ್ಮ ಒಲೆಗೆ, ನಿಮ್ಮ ಬೇಳೆಗೆ ಎಷ್ಟು ನಿಮಿಷ ಅಂತ ಬೇಗ ತಿಳಿಯುತ್ತೆ.

ನಿದ್ದೆಗಣ್ಣು

ನಮ್ಮನೇಲಿ ಎಲ್ಲರೂ ಸೀಟಿ ಎಣಿಸೇ ಮಾಡೋದು. ಬೇಯುತ್ತಲ್ಲ?

ಪ್ರಯೋಗಶಾಲೆ

ಬೇಯುತ್ತೆ, ಯಾಕಂದ್ರೆ ನಿಮ್ಮ ಮನೇಲಿ ಕುಕ್ಕರೂ ಅದೇ, ಒಲೆಯೂ ಅದೇ, ಉರಿಯೂ ಅದೇ. ಬೇರೆ ಮನೆಯ ಸೀಟಿ ಲೆಕ್ಕ ಫೋನಲ್ಲಿ ತಗೊಂಡು ಮಾಡೋರಿಗೆ ಅದು ಕೈಕೊಡುತ್ತೆ. ಹೊಸದಾಗಿ ಮನೆ ಮಾಡಿದೋರ ಕಷ್ಟ ಅದೇ ಅಲ್ವಾ?

ಅಂದ ಹಾಗೆ ಒತ್ತಡದಲ್ಲಿ ಬೇಯಿಸೋ ಪಾತ್ರೆ ಮಾಡಿದ್ದು ದೆನಿ ಪಾಪಾಂ ಅನ್ನೋ ಫ್ರೆಂಚ್ ವಿಜ್ಞಾನಿ, 1679ರಲ್ಲಿ. ಅದು ಸಿಡಿಯದಿರಲಿ ಅಂತ ಸೇಫ್ಟಿ ವಾಲ್ವ್ ಜೋಡಿಸಿದವನೂ ಅವನೇ. ನಿಮ್ಮ ಕುಕ್ಕರಿನ ವಾಲ್ವ್, ಸೀಟಿ ತೂತು ಎರಡನ್ನೂ ಆಗಾಗ ಬೆಳಕಿಗೆ ಹಿಡಿದು ನೋಡ್ತಿರಿ.

ಉಪ್ಪುಖಾರ

ಬೇಳೆ ಬೇಯದ್ದಕ್ಕೆ ಇನ್ನೊಂದು ಕಾರಣ ಕೇಳ್ಬೇಕಿತ್ತು. ಹುಣಸೆಯೋ ಟೊಮೆಟೊವೋ ಮೊದಲೇ ಹಾಕ್ತೀರಾ? ಹುಳಿ ಬಿದ್ರೆ ಬೇಳೆ, ಕಾಳು ಮೆತ್ತಗಾಗೋದು ನಿಧಾನ. ಬೆಂದ ಮೇಲೆ ಹುಳಿ ಹಾಕಿ. ಉಪ್ಪೂ ಆಮೇಲೇ ಹಾಕಿ.

ಸೌಟು_ಹಿಡಿದವ

ಹುಳಿ ವಿಷಯ ಸರಿ. ಉಪ್ಪಿನ ವಿಷಯ ತಪ್ಪು. ಕಾಳು ನೆನೆಹಾಕೋ ನೀರಿಗೆ ಉಪ್ಪು ಹಾಕಿದ್ರೆ ಸಿಪ್ಪೆ ಇನ್ನೂ ಮೆತ್ತಗಾಗುತ್ತೆ.

ಉಪ್ಪುಖಾರ

ಯಾರು ಹೇಳಿದ್ದು? ಉಪ್ಪು ಹಾಕಿದ್ರೆ ಕಾಳು ಬಿರುಸಾಗುತ್ತೆ ಅಂತಲೇ ನಾನು ಎಲ್ಲರ ಬಾಯಲ್ಲೂ ಕೇಳಿರೋದು.

ಪ್ರಯೋಗಶಾಲೆ

ಸೌಟು_ಹಿಡಿದವ ಹೇಳಿದ್ದು ಸರಿ. ಸಿಪ್ಪೆಯನ್ನ ಬಿಗಿಯಾಗಿ ಹಿಡಿದಿರೋದು ಪೆಕ್ಟಿನ್, ಅದನ್ನ ಗಟ್ಟಿ ಮಾಡೋದು ಕ್ಯಾಲ್ಸಿಯಂ, ಮೆಗ್ನೀಸಿಯಂ. ಉಪ್ಪಿನ ಸೋಡಿಯಂ ಆ ಜಾಗಕ್ಕೆ ಬಂದು ಕೂತ್ಕೊಳ್ಳುತ್ತೆ, ಸಿಪ್ಪೆ ಸಡಿಲ ಆಗುತ್ತೆ. ಬೋರ್‌ವೆಲ್ಲಿನ ಗಡಸು ನೀರಲ್ಲಿ ಬೇಳೆ ಬೇಗ ಬೇಯದೇ ಇರೋದಕ್ಕೂ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ ಇರೋದೇ ಕಾರಣ. ಇನ್ನು ವರ್ಷಗಟ್ಟಲೆ ಡಬ್ಬೀಲಿ ಕೂತ ಹಳೇ ಕಾಳಾಗಿದ್ರೆ ಏನು ಮಾಡಿದ್ರೂ ಅಷ್ಟಕ್ಕಷ್ಟೇ.

ಕಾಳಿನ ಮಾತು ಬಂತು, ಇದನ್ನ ದಯವಿಟ್ಟು ಹೊಸಬರೆಲ್ಲ ಓದಿ. ರಾಜ್ಮಾ ಕಾಳು ಸರಿಯಾಗಿ ಬೇಯದಿದ್ರೆ ಅದರಲ್ಲಿರೋ ಲೆಕ್ಟಿನ್ ಅನ್ನೋ ಒಂದು ಥರದ ಪ್ರೋಟೀನ್‌ನಿಂದ ಕೆಲವೇ ಗಂಟೆಗಳಲ್ಲಿ ಜೋರು ವಾಂತಿ, ಭೇದಿ ಶುರುವಾಗುತ್ತೆ. ಕಮ್ಮಿ ಅಂದ್ರೂ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಕೊತಕೊತ ಅಂತ ಕಮ್ಮಿ ಅಂದ್ರೂ 10 ನಿಮಿಷ, ಸಾಧ್ಯವಾದ್ರೆ 30 ನಿಮಿಷ ಕುದಿಸಬೇಕು. ಕುದಿ ಬರದ ಹಾಗೆ ಸಣ್ಣ ಬಿಸೀಲಿ ಗಂಟೆಗಟ್ಟಲೆ ಇಡೋ ಎಲೆಕ್ಟ್ರಿಕ್ ಪಾತ್ರೇಲಿ ಹಸಿ ರಾಜ್ಮಾ ಹಾಕಲೇಬೇಡಿ.

ನಾನೂ_ಗಂಡನೇ

ಗಂಡಂದಿರ ಪರವಾಗಿ ಒಂದು ಮಾತು. ದಣಿದು ಬಂದು ಒಲೆ ಮುಂದೆ ನಿಂತವರು ಎದುರಿಗೆ ಕೂತು ನನ್ನ ಮುಖ ನೋಡ್ತಿರುವಾಗ "ಇದು ಸರಿಯಿಲ್ಲ" ಅನ್ನೋಕೆ ನನಗೆ ನಾಲಿಗೆ ಏಳ್ತಿರಲಿಲ್ಲ. ಅಡುಗೆ ಮಾಡದೆ ಕೂತು ಉಣ್ಣೋನಿಗೆ ತಪ್ಪು ಹೇಳೋ ಹಕ್ಕು ಎಲ್ಲಿಂದ ಬಂತು ಅಂತಲೂ ಅನ್ನಿಸ್ತಿತ್ತು. ನಾನೂ ವಾರಕ್ಕೆ ಎರಡು ಮೂರು ಸಲ ಅಡುಗೆ ಮಾಡೋಕೆ ಶುರು ಮಾಡಿದ ಮೇಲೆ ಆ ಸಂಕೋಚ ಹೋಯ್ತು. ನನ್ನ ಪಲ್ಯಕ್ಕೆ ಅವಳು ಹೇಳ್ತಾಳೆ, ಅವಳ ಸಾರಿಗೆ ನಾನು ಹೇಳ್ತೀನಿ. ಮಾತಾಡೋದು ಊಟದ ಹೊತ್ತಲ್ಲಿ ಅಲ್ಲ, ನಾಳೆ ಏನು ಮಾಡೋಣ ಅಂತ ಯೋಚಿಸೋವಾಗ. "ಮೊನ್ನೆದೇ ಮಾಡೋಣ, ಈ ಸಲ ಖಾರ ಇಳಿಸೋಣ" ಅಂದ್ರೆ ಯಾರಿಗೂ ನೋವಾಗಲ್ಲ.

ಗಡಿಬಿಡಿ

ಇದು ಒಪ್ಪೋ ಮಾತು. ನಾನು ಮೊದಲು ಬರೆದಾಗ ಬೈಯೋರನ್ನ ಮಾತ್ರ ಮನಸ್ಸಲ್ಲಿ ಇಟ್ಕೊಂಡಿದ್ದೆ. ಆದ್ರೂ ಊಟದ ಹೊತ್ತಲ್ಲಿ ಒಳ್ಳೇ ಮಾತೇ ಇರಲಿ ಅನ್ನೋದು ನನ್ನ ಹಟ.

ಹಳೇಕೈ

ಆ ಹಟ ಒಳ್ಳೇದೇ. ಬಿಡಬೇಡ.

ಹೊಸ_ಒಲೆ

ಎಲ್ಲರಿಗೂ ಥ್ಯಾಂಕ್ಸ್. ಹಳೇಕೈ ಅವರು ಹೇಳಿದ ಹಾಗೆ ಒಲೆ ಹತ್ರಾನೇ ಕರೆದು ಕೇಳಿದೆ. "ಉಪ್ಪು ಕಮ್ಮಿನಾ?" ಅಂದೆ. "ಇಲ್ಲ, ಇಷ್ಟೇ ನನಗೆ ಇಷ್ಟ" ಅಂದ್ರು! ಅವರ ಮನೇಲಿ ಉಪ್ಪು ಕಮ್ಮಿಯೇ ತಿಂತಿದ್ರಂತೆ. "ಮತ್ತೆ ಯಾವುದು ಹಿಡಿಸಲ್ಲ, ಈರುಳ್ಳಿಯಾ, ಪುಡಿಯಾ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಈರುಳ್ಳಿ ಮಸಾಲೆ ಹಾಕಿ ಮಾಡೋದ್ರಲ್ಲೆಲ್ಲ ಹಸಿ ವಾಸನೆ ಉಳಿದಿರುತ್ತೆ ಅಂದ್ರು. ಇಷ್ಟು ದಿನ ನಾನು ಉಪ್ಪು ಉಪ್ಪು ಅಂತ ಒದ್ದಾಡ್ತಿದ್ದೆ. ಈಗ ಹೇಳಿ, ಹಸಿ ವಾಸನೆ ಹೋಗೋ ಹಾಗೆ ಹುರಿಯೋದು ಹೇಗೆ? ವಿಡಿಯೋಗಳಲ್ಲಿ 5 ನಿಮಿಷ ಅಂತಾರೆ.

ಸೌಟು_ಹಿಡಿದವ

ವಿಡಿಯೋದ 5 ನಿಮಿಷ ನಂಬಲೇಬೇಡಿ! 5 ನಿಮಿಷಕ್ಕೆ ಈರುಳ್ಳಿ ಬಾಡಿ ಕನ್ನಡಿ ಥರ ಆಗುತ್ತೆ ಅಷ್ಟೇ. ಪಲ್ಯಕ್ಕೆ ಅದು ಸಾಕು. ಮಸಾಲೆಗೆ ಹೊಂಬಣ್ಣ ಬರಬೇಕು ಅಂದ್ರೆ ಅದರ ಮೂರು ನಾಲ್ಕರಷ್ಟು ಹೊತ್ತು ಬೇಕು. ಸಣ್ಣ ಉರಿಯಲ್ಲಿ ಕಂದಾಗಿ, ಸಿಹಿಯಾಗಿ, ಮುದ್ದೆಯಾಗೋ ಹಾಗೆ ಮಾಡೋಕೆ ಮುಕ್ಕಾಲು ಗಂಟೆಯೂ ಹಿಡಿಯುತ್ತೆ.

ಈರುಳ್ಳೀಲಿ ಹೆಚ್ಚಿನ ಭಾಗ ನೀರೇ. ಆ ನೀರು ಇರೋ ತನಕ ಬಾಣಲೆ ಒಳಗಿನ ಬಿಸಿ 100ರ ಹತ್ರಾನೇ ನಿಂತಿರುತ್ತೆ, ಬಣ್ಣ ಬರಲ್ಲ. ನೀರು ಹೋದ ಮೇಲೆ ಬಿಸಿ ಏರಿ ಕಂದು ಬಣ್ಣ, ಆ ಪರಿಮಳ ಶುರು. ಅದಕ್ಕೆ ಅಗಲ ಬಾಣಲೆ ತಗೊಳ್ಳಿ, ಮುಚ್ಚಬೇಡಿ, ಶುರುವಿಗೇ ಒಂದು ಚಿಟಿಕೆ ಉಪ್ಪು ಹಾಕಿ, ನೀರು ಬೇಗ ಬಿಡುತ್ತೆ. ತಳ ಹಿಡಿಯೋಕೆ ಶುರುವಾದ್ರೆ ಒಂದು ಚಮಚ ನೀರು ಚಿಮುಕಿಸಿ ಕೆರೆದು ಮತ್ತೆ ಹುರೀರಿ.

ಶುಂಠಿ ಬೆಳ್ಳುಳ್ಳಿ ಈರುಳ್ಳಿಗೆ ಬಣ್ಣ ಬಂದ ಮೇಲೆ. ಮೊದಲೇ ಹಾಕಿದ್ರೆ ಬೆಳ್ಳುಳ್ಳಿ ಕರಕಲಾಗಿ ಕಹಿ ಬರುತ್ತೆ. ಪುಡಿಗಳು ಅದಕ್ಕೂ ಆಮೇಲೆ, ಸಣ್ಣ ಉರೀಲಿ, ಘಮ ಬಂದ ಕೂಡ್ಲೆ ಟೊಮೆಟೊವೋ ನೀರೋ ಬೀಳಬೇಕು. ಪುಡಿ ಎಣ್ಣೆಯಲ್ಲಿ ಒಂದು ಸುತ್ತು ಹುರಿಯದೆ ನೇರ ನೀರಿಗೆ ಬಿದ್ರೂ ಹಸಿ ವಾಸನೆ ಉಳಿಯುತ್ತೆ, ನಿಮ್ಮೆಜಮಾನ್ರಿಗೆ ಹಿಡಿಸದೇ ಇರೋದು ಅದೂ ಇರಬಹುದು. ಟೊಮೆಟೊ ಹಾಕಿದ ಮೇಲೆ ಎಣ್ಣೆ ಅಂಚಲ್ಲಿ ಬಿಡೋ ತನಕ ಕಾಯಿರಿ.

ನಿದ್ದೆಗಣ್ಣು

ಹುರಿಯೋದು ಆಮೇಲೆ, ಹೆಚ್ಚೋವಾಗಲೇ ನನಗೆ ಕಣ್ಣೀರು. ಏನಾದ್ರೂ ಉಪಾಯ?

ಗಡಿಬಿಡಿ

ಅರ್ಧ ಗಂಟೆ ಫ್ರಿಡ್ಜಲ್ಲಿಟ್ಟು ಹೆಚ್ಚಿ. ನನಗೆ ಕೆಲಸ ಮಾಡುತ್ತೆ.

ಪ್ರಯೋಗಶಾಲೆ

ಚಾಕು ಹರಿತ ಮಾಡ್ಕೊಳ್ಳಿ. ಮೊಂಡು ಚಾಕು ಈರುಳ್ಳಿಯನ್ನ ಜಜ್ಜುತ್ತೆ, ಜಜ್ಜಿದಷ್ಟೂ ಕಣ್ಣು ಉರಿಸೋ ಅನಿಲ ಜಾಸ್ತಿ ಹೊರಬರುತ್ತೆ. ಆ ಅನಿಲ ಹುಟ್ಟೋದಕ್ಕೆ ಬೇರೆಯದೇ ಒಂದು ಕಿಣ್ವ ಇದೆ ಅಂತ ಜಪಾನಿನ ವಿಜ್ಞಾನಿಗಳು 2002ರಲ್ಲಿ ತೋರಿಸಿಕೊಟ್ರು, ಅದಕ್ಕೆ 2013ರಲ್ಲಿ ಇಗ್ ನೊಬೆಲ್ ಬಹುಮಾನವೂ ಬಂತು (ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚೋ ಸಂಶೋಧನೆಗೆ ಕೊಡೋ ಬಹುಮಾನ ಅದು).

ಹಳೇಕೈ

ಹರಿತ ಚಾಕು ಅಂದ್ರೆ ಹೊಸಬರು ಹೆದರ್ತಾರೆ. ಕೈ ಕೊಯ್ಯೋದು ಮೊಂಡು ಚಾಕೇ ಜಾಸ್ತಿ, ಜೋರಾಗಿ ಒತ್ತಬೇಕಾಗುತ್ತೆ, ಜಾರುತ್ತೆ. ತರಕಾರಿ ಹಿಡಿದ ಕೈಯ ಬೆರಳ ತುದಿ ಒಳಕ್ಕೆ ಮಡಚಿ, ಗೆಣ್ಣು ಚಾಕುವಿನ ಮಗ್ಗುಲಿಗೆ ತಾಗೋ ಹಾಗಿಟ್ಟು ಹೆಚ್ಚಿ. ಮಣೆ ಕೆಳಗೆ ಒದ್ದೆ ಬಟ್ಟೆ ಹಾಸಿ.

ಉಪ್ಪುಖಾರ

ಉಪ್ಪಿನ ವಿಷಯಕ್ಕೆ ವಾಪಸ್ ಬರ್ತೀನಿ. ಗಂಡನಿಗೆ ಕಮ್ಮಿ ಉಪ್ಪು ಇಷ್ಟ ಅಂದ್ರೆ ಅದನ್ನೇ ಮನೆಯ ಅಳತೆ ಮಾಡ್ಕೊಳ್ಳಿ ಹೊಸ_ಒಲೆ. ದೊಡ್ಡವರಿಗೆ ದಿನಕ್ಕೆ 5 ಗ್ರಾಮಿಗಿಂತ ಕಮ್ಮಿ ಉಪ್ಪು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ, ಅಂದ್ರೆ ಒಂದು ಟೀ ಚಮಚಕ್ಕಿಂತ ಸ್ವಲ್ಪ ಕಮ್ಮಿ. ಇಬ್ಬರಿಗೆ ಎರಡು ಚಮಚಕ್ಕಿಂತ ಕಮ್ಮಿ, ಅದರಲ್ಲೇ ತಿಂಡಿ, ಊಟ, ಉಪ್ಪಿನಕಾಯಿ, ಹೊರಗೆ ತಿಂದದ್ದು ಎಲ್ಲ ಬಂತು.

ಮೂರನೇಸೀಟಿ

ಅಳತೆ ಚಮಚ ತಗೊಳ್ಳಿ ಅಂತ ನಾನೂ ಹೇಳ್ಬೇಕು ಅಂದ್ಕೊಂಡೆ. ಟೀ ಚಮಚ 5 ಮಿಲಿ, ದೊಡ್ಡದು 15 ಮಿಲಿ. ಕಲ್ಲುಪ್ಪು ಚಮಚಕ್ಕೆ ಕಮ್ಮಿ ಹಿಡಿಯುತ್ತೆ, ಪುಡಿಯುಪ್ಪು ಜಾಸ್ತಿ ಹಿಡಿಯುತ್ತೆ, ಒಂದೇ ಅಂದ್ಕೊಂಡು ಹಾಕಬೇಡಿ.

ಗಡಿಬಿಡಿ

ಉಪ್ಪು ಜಾಸ್ತಿ ಆದ್ರೆ ಆಲೂಗಡ್ಡೆ ಹಾಕಿ, ಎಳ್ಕೊಳ್ಳುತ್ತೆ.

ಸೌಟು_ಹಿಡಿದವ

ಉಪ್ಪನ್ನ ಮಾತ್ರ ಆರಿಸಿ ಎಳ್ಕೊಳ್ಳೋ ಶಕ್ತಿ ಆಲೂಗಡ್ಡೆಗಿಲ್ಲ. ಉಪ್ಪುನೀರನ್ನೇ ಒಂದಿಷ್ಟು ಕುಡಿಯುತ್ತೆ, ಉಳಿದ ಸಾರು ಅಷ್ಟೇ ಉಪ್ಪಾಗಿರುತ್ತೆ. ಉಪ್ಪಿಲ್ಲದ ಬೇಳೆಯೋ ನೀರೋ ತರಕಾರಿಯೋ ಸೇರಿಸಿ ಪ್ರಮಾಣ ಹೆಚ್ಚಿಸೋದೊಂದೇ ದಾರಿ. ಹೆಚ್ಚಾಗಿದ್ದನ್ನ ಎತ್ತಿಡಿ.

ನಾನೂ_ಗಂಡನೇ

ಎತ್ತಿಡೋದು ಅಂದ್ರಲ್ಲ. ಇಬ್ಬರೂ ಕೆಲಸಕ್ಕೆ ಹೋಗೋ ಮನೇಲಿ ರಾತ್ರಿ ಮಾಡಿದ ಅನ್ನ ಒಲೆ ಮೇಲೇ ಉಳಿಯೋದು ಮಾಮೂಲು. ಬೆಳಿಗ್ಗೆ ಬಿಸಿ ಮಾಡಿ ಡಬ್ಬಿಗೆ ಹಾಕ್ಕೊಂಡ್ರೆ ತೊಂದರೆ ಇದೆಯಾ?

ಪ್ರಯೋಗಶಾಲೆ

ಇದೆ. ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಾಣು ಅಕ್ಕೀಲಿ ಇರಬಹುದು, ಬೇಯಿಸಿದ್ರೂ ಸಾಯಲ್ಲ. ಅನ್ನ ಹೊರಗೆ ಉಗುರುಬೆಚ್ಚಗೆ ಉಳಿದ್ರೆ ಬೆಳೆದು ವಿಷ ಬಿಡುತ್ತೆ. ವಾಂತಿ ತರೋ ಆ ವಿಷ ಮತ್ತೆ ಬಿಸಿ ಮಾಡಿದ್ರೂ ಹೋಗಲ್ಲ. ಉಳಿಯುತ್ತೆ ಅನ್ನಿಸಿದ್ರೆ ಅಗಲ ಪಾತ್ರೇಲಿ ಹರಡಿ ಆರಿಸಿ, 2 ಗಂಟೆ ಒಳಗೆ ಫ್ರಿಡ್ಜಿಗೆ ಹಾಕಿ.

ಉಪ್ಪುಖಾರ

ಫ್ರಿಡ್ಜ್ ಇಲ್ಲದ ಕಾಲದಲ್ಲೂ ಜನ ತಂಗಳು ತಿಂದ್ಕೊಂಡು ಬಂದಿದ್ದಾರಲ್ಲ?

ಪ್ರಯೋಗಶಾಲೆ

ಬಂದಿದ್ದಾರೆ, ಹೊಟ್ಟೆ ಕೆಟ್ಟು ಮಲಗಿದವರೂ ಇದ್ದಾರೆ, ಅನ್ನದಿಂದ ಅಂತ ಗೊತ್ತಾಗಿರಲ್ಲ ಅಷ್ಟೇ. ಇಬ್ಬರಿಗೆ ಮಾಡೋವಾಗ ಅಳತೆ ಕೈಗೆ ಕೂರೋ ತನಕ ಉಳಿದೇ ಉಳಿಯುತ್ತೆ. ಅದಕ್ಕೇ ಹೊಸದಾಗಿ ಅಡುಗೆ ಮಾಡೋರಿಗೆ ಇದು ಮೊದಲೇ ಗೊತ್ತಿರಲಿ ಅನ್ನೋದು.

ಹಳೇಕೈ

ಜಾಗ್ರತೆ ಮಾತು ಬಂತು ಅಂತ ನಾನೂ ಹೇಳ್ತೀನಿ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದ್ರೆ ನೀರು ಹಾಕಲೇಬೇಡಿ, ಬೆಂಕಿ ಮೇಲಕ್ಕೆ ಹಾರುತ್ತೆ. ಒಲೆ ಆರಿಸಿ, ಅಗಲವಾದ ಮುಚ್ಚಳ ಮುಚ್ಚಿ, ಆರೋ ತನಕ ತೆಗೀಬೇಡಿ, ಎತ್ತಿಕೊಂಡು ಓಡಬೇಡಿ. ಕೈ ಸುಟ್ರೆ ಹರಿಯೋ ತಣ್ಣೀರಲ್ಲಿ 20 ನಿಮಿಷ ಹಿಡೀರಿ, ಟೂತ್‌ಪೇಸ್ಟ್, ಐಸ್ ಎರಡೂ ಬೇಡ. ಗ್ಯಾಸ್ ವಾಸನೆ ಬಂದ್ರೆ ಸ್ವಿಚ್ ಮುಟ್ಟದೆ ಸಿಲಿಂಡರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆಗೀರಿ. ಗಂಡ ಹೆಂಡತಿ ಇಬ್ಬರಿಗೂ ಇದು ಬಾಯಿಪಾಠ ಆಗಿರಬೇಕು, ಅಡುಗೆ ಯಾರೇ ಮಾಡ್ಲಿ.

ಹೊಸ_ಒಲೆ

ಈ ಭಾಗವನ್ನ ಅವರಿಗೂ ಓದಿ ಹೇಳಿದೆ. "ಭಾನುವಾರ ಈರುಳ್ಳಿ ನಾನೇ ಹುರೀತೀನಿ" ಅಂದಿದ್ದಾರೆ. ನಾನು ಹೇಳಿಕೊಡಲ್ಲ, ಪಕ್ಕದಲ್ಲಿ ನಿಂತಿರ್ತೀನಿ ಅಷ್ಟೇ. ಕೊನೇ ಪ್ರಶ್ನೆ, ಮನೇಲಿರೋದು ಉಡುಗೊರೆ ಬಂದ ದೊಡ್ಡ ಕುಕ್ಕರ್. ಇಬ್ಬರಿಗೆ ಎಷ್ಟು ಲೀಟರಿಂದು ತಗೋಬೇಕು?

ಮೂರನೇಸೀಟಿ

ದಿನದ ಅಡುಗೆಗೆ 3 ಲೀಟರ್ ಸಾಕು, ನೆಂಟರು ಬಂದಾಗ ದೊಡ್ಡದು ಇದ್ದೇ ಇದೆ. ಕುಕ್ಕರಿಗೇ ನೇರ ಹಾಕಿ ಬೇಯಿಸೋವಾಗ ಮೂರರಲ್ಲಿ ಎರಡು ಭಾಗ ದಾಟಬಾರದು. ಬೇಳೆ, ಅಕ್ಕಿ ಥರ ಉಕ್ಕೋದು, ಉಬ್ಬೋದು ಆದ್ರೆ ಅರ್ಧಕ್ಕೇ ನಿಲ್ಲಿಸಿ, ಇಲ್ಲದಿದ್ರೆ ನೊರೆ ಹೋಗಿ ಸೀಟಿ ತೂತು ಕಟ್ಟಿಕೊಳ್ಳುತ್ತೆ. ಒಳಗಿಡೋ ಪಾತ್ರೆ ಜೊತೆಗೇ ಬರೋದು ನೋಡಿ ತಗೊಳ್ಳಿ, ಬೇಳೆ ಅನ್ನ ಎರಡೂ ಒಟ್ಟಿಗೆ ಆಗುತ್ತೆ.

ನಿದ್ದೆಗಣ್ಣು

ಒಂದು ಗ್ಯಾಸ್ಕೆಟ್ಟೂ ಜಾಸ್ತಿ ತಂದಿಟ್ಕೊಳ್ಳಿ. ಸಡಿಲ ಆದ್ರೆ ಸೀಟಿಯೇ ಬರಲ್ಲ.